ಪೆಟ್ರೋಲಾ ಡೀಸೆಲ್ಲಾ ಅಂತ ಕೇಳೋರಿಗೆಲ್ಲ, ಇದೊಂದೇ ಸಲ

ಮದುವೆ ಮನೇಲಿ ಕೇಳ್ತಾರೆ, ಮಗಳ ಸ್ಕೂಲ್ ಗೇಟ್ ಹತ್ರ ಕೇಳ್ತಾರೆ, ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಲ್ಲಿ ಕೇಳ್ತಾರೆ. "ಗುರು, ಸ್ವಲ್ಪ ಪವರ್ ಇರೋ ಹ್ಯಾಚ್‌ಬ್ಯಾಕ್ ತಗೋಬೇಕು, ಪೆಟ್ರೋಲಾ ಡೀಸೆಲ್ಲಾ?" ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ ಮೈಸೂರಿನ ವಿಜಯನಗರದಲ್ಲಿ ನಮ್ಮನೆ ಮುಂದೆ ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಡಿಐ ನಿಂತಿರುತ್ತೆ, ಅದರ ಹಿಂದೆ ನನ್ನ ತಮ್ಮನ ಪೋಲೋ ಜಿಟಿ ಟಿಎಸ್‌ಐ ನಿಂತಿರುತ್ತೆ. ಒಂದು ಡೀಸೆಲ್, ಒಂದು ಪೆಟ್ರೋಲ್, ಎರಡನ್ನೂ ನಾನು ಚೆನ್ನಾಗಿ ಓಡಿಸಿದ್ದೀನಿ. ಹಾಗಾಗಿ ಉತ್ತರ ನನ್ನ ಜೇಬಲ್ಲಿ ರೆಡಿ ಇರುತ್ತೆ ಅಂತ ಜನಕ್ಕೆ ನಂಬಿಕೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದವರಿಗೆ ಈ ಲಿಂಕ್ ಕಳಿಸ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ. ಹೊಸ ಕಾರ್ ತಗೋತೀನಿ ಅನ್ನೋರಿಗೆ ಈ ಪ್ರಶ್ನೆನೇ ಇಲ್ಲ. 2020ರ ಏಪ್ರಿಲಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂತು, ಫೋಕ್ಸ್‌ವ್ಯಾಗನ್ ಇಲ್ಲಿ ಡೀಸೆಲ್ ನಿಲ್ಲಿಸಿತು, ಮಾರುತಿನೂ ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಂಡಿಯಾದಲ್ಲಿ ಕಾರ್ ಮಾಡೋದನ್ನೇ ಬಿಡ್ತು, 100 ಪಿಎಸ್ ಇದ್ದ ಫಿಗೋ ಡೀಸೆಲ್ಲೂ ಅಲ್ಲಿಗೆ ಮುಗೀತು. 2023ರಲ್ಲಿ ಐ20 ಡೀಸೆಲ್ಲೂ ಹೋಯ್ತು. ಉಳಿದಿದ್ದು ಟಾಟಾ ಆಲ್ಟ್ರೋಜ್ ಡೀಸೆಲ್ ಒಂದೇ, 90 ಪಿಎಸ್ ಪವರ್, 200 ನ್ಯೂಟನ್ ಮೀಟರ್ ಟಾರ್ಕ್ (ಅಂದ್ರೆ ಎಳೆಯೋ ಶಕ್ತಿ), ಒಳ್ಳೆ ಗಾಡಿ, ಆದ್ರೆ ಅದನ್ನ ಹಾಟ್ ಹ್ಯಾಚ್, ಅಂದ್ರೆ ಜೋರಾಗಿ ಓಡೋ ಖುಷಿಗೇ ಮಾಡಿದ ಹ್ಯಾಚ್‌ಬ್ಯಾಕ್, ಅಂತ ನಾನು ಕರೆಯಲ್ಲ. ಹೊಸದೇ ಬೇಕು, ಜೋಶ್ ಇರಬೇಕು ಅಂದ್ರೆ ಐ20 ಎನ್ ಲೈನ್ ಥರ ಟರ್ಬೋ ಪೆಟ್ರೋಲೇ ಗತಿ, 120 ಪಿಎಸ್ ಬರುತ್ತೆ, ಹೋಗಿ ತಗೊಳಿ, ನನ್ನ ಅಪ್ಪಣೆ ಬೇಕಾಗಿಲ್ಲ. ಪೆಟ್ರೋಲಾ ಡೀಸೆಲ್ಲಾ ಅನ್ನೋದು ಇವತ್ತು ಸೆಕೆಂಡ್ ಹ್ಯಾಂಡ್ ತಗೊಳೋರ ಪ್ರಶ್ನೆ ಮಾತ್ರ, ಈ ಬರಹನೂ ಅವರಿಗೇ.

ನನ್ನ ಉತ್ತರ: ಮೈಸೂರೊಳಗೇ ಓಡಾಡೋರಿಗೆ ಪೆಟ್ರೋಲ್.

ಇದನ್ನ ಹೇಳಿದ ತಕ್ಷಣ ಎದುರಿಗಿರೋರ ಮುಖ ಬದಲಾಗುತ್ತೆ. "ಹಂಗಾದ್ರೆ ನೀನ್ಯಾಕೆ ಡೀಸೆಲ್ ಇಟ್ಕೊಂಡಿದ್ದೀಯಾ?" ಅಂತಾರೆ, ಒಳ್ಳೇದನ್ನ ನಾನು ಬಚ್ಚಿಟ್ಕೊಂಡು ಅವರಿಗೆ ಇನ್ನೊಂದನ್ನ ಸಾಗಹಾಕ್ತಿದ್ದೀನಿ ಅನ್ನೋ ಥರ. ನಾನು ಕೆಲಸಕ್ಕೆ ಹೋಗೋದು ಬಿಡದಿಗೆ ಸ್ವಾಮಿ. ಹೋಗಿ ಬರೋಕೆ 200 ಕಿ.ಮೀ. ದಾಟುತ್ತೆ. ಬೆಳಿಗ್ಗೆ ರಿಂಗ್ ರೋಡ್ ಬಿಟ್ಟು ಶ್ರೀರಂಗಪಟ್ಟಣ ದಾಟಿ ಗಣಂಗೂರು ಟೋಲ್ ಬರೋ ಹೊತ್ತಿಗೆ ಇಂಜಿನ್ ಪೂರ್ತಿ ಬಿಸಿಯಾಗಿರುತ್ತೆ, ಆಮೇಲೆ ಎಕ್ಸ್‌ಪ್ರೆಸ್‌ವೇಲಿ 100ರಲ್ಲಿ ಟಾಪ್ ಗೇರಲ್ಲಿ ಇಂಜಿನ್ ಎರಡು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸಲ್ಲಿ ಆರಾಮಾಗಿ ಸುತ್ತುತ್ತಾ ಇರುತ್ತೆ, ಡೀಸೆಲ್ ಇಂಜಿನ್‌ಗೆ ಬೇಕಾಗಿರೋದೇ ಅದು. ನೀವು ಹೆಬ್ಬಾಳದಿಂದ ಸರಸ್ವತಿಪುರಂಗೆ ಹೋಗ್ತೀರಿ, ಮಧ್ಯ ಹಾಲಿನ ಬೂತ್ ಹತ್ರ ಆಫ್ ಮಾಡ್ತೀರಿ, ಮತ್ತೆ ಸ್ಟಾರ್ಟ್, ಮತ್ತೆ ಆಫ್. ಡೀಸೆಲ್ ಇಂಜಿನ್ ಬಿಸಿಯಾಗೋಕೆ ಟೈಮ್ ತಗೊಳುತ್ತೆ, ನಿಮ್ಮದು ಬಿಸಿಯಾಗೋ ಮುಂಚೆನೇ ಮನೆ ಬಂದಿರುತ್ತೆ. ಹಿಂಗೆ ವರ್ಷಗಟ್ಟಲೆ ಓಡಿಸಿದ್ರೆ ಹೊಗೆಯಲ್ಲಿ ಒಂದಷ್ಟನ್ನ ಇಂಜಿನ್ನಿಗೆ ವಾಪಸ್ ಕಳಿಸೋ ಇಜಿಆರ್ ವಾಲ್ವಲ್ಲಿ ಮಸಿ ಕಟ್ಟುತ್ತೆ. ಬಿಎಸ್6 ಡೀಸೆಲ್ ಆದ್ರೆ ಇನ್ನೂ ಕಷ್ಟ, ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಅದು ಹೊಗೆಯ ಮಸಿ ಹಿಡಿದಿಟ್ಟುಕೊಂಡು ಆಮೇಲೆ ಜಾಸ್ತಿ ಬಿಸೀಲಿ ಸುಟ್ಟು ಹಾಕುತ್ತೆ, ಹಂಗೆ ಸುಡೋಕೆ ಒಂದಷ್ಟು ಹೊತ್ತು ಹೈವೇಲಿ ಒಂದೇ ಸಮ ಓಡಬೇಕು. ಸಿಟಿಲೇ ಇದ್ರೆ ಕಟ್ಕೊಳ್ಳುತ್ತೆ, ಲೈಟ್ ಹತ್ಕೊಳ್ಳುತ್ತೆ. ಆಮೇಲೆ ನನಗೆ ಫೋನ್ ಮಾಡ್ತೀರಿ.

ನಮ್ಮ ಜಿಟಿ ಟಿಡಿಐ ಅದಕ್ಕೂ ಮುಂಚಿನ ಬಿಎಸ್4 ಕಾಲದ್ದು, ಇದರಲ್ಲಿ ಡಿಪಿಎಫ್ ಇಲ್ಲ, ಹಾಗಾಗಿ ಅದು ಕಟ್ಕೊಳ್ಳುತ್ತೆ ಅನ್ನೋ ಭಯ ಈ ಕಾರಿಗೆ ಅನ್ವಯಿಸಲ್ಲ. ಇಷ್ಟು ಬಿಡಿಸಿ ಹೇಳೋಷ್ಟರಲ್ಲಿ ಕೇಳಿದವರು ಫೋನ್ ನೋಡ್ತಾ ಇರ್ತಾರೆ.

ದುಡ್ಡಿನ ಲೆಕ್ಕಕ್ಕೆ ಬನ್ನಿ, ಯಾಕಂದ್ರೆ ಎಲ್ಲರೂ ಕೊನೆಗೆ "ಡೀಸೆಲ್ ಚೀಪು ಅಲ್ವಾ" ಅಂತ ಅಲ್ಲಿಗೇ ಬರ್ತಾರೆ. ಆ ನಂಬಿಕೆ 2012ರದ್ದು. ಆ ವರ್ಷ ಮೇ ತಿಂಗಳಲ್ಲಿ ಡೆಲ್ಲಿ ರೇಟು ಪೆಟ್ರೋಲ್ 73, ಡೀಸೆಲ್ 41, ಲೀಟರಿಗೆ 30 ರೂಪಾಯಿಗಿಂತ ಜಾಸ್ತಿ ಅಂತರ, ಅವಾಗ ಡೀಸೆಲ್ ತಗೊಂಡವರದ್ದು ತಪ್ಪೇನಿಲ್ಲ. 2014ರ ಅಕ್ಟೋಬರಲ್ಲಿ ಡೀಸೆಲ್ ರೇಟನ್ನೂ ಮಾರ್ಕೆಟ್‌ಗೆ ಬಿಟ್ಟರು. 2025ರ ಏಪ್ರಿಲಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಟ್ಯಾಕ್ಸ್ 18.44ರಿಂದ 21.17 ಪರ್ಸೆಂಟಿಗೆ ಏರಿದ ಮೇಲೆ ಪೆಟ್ರೋಲ್ 103ರ ಆಸುಪಾಸು, ಡೀಸೆಲ್ 91ರ ಆಸುಪಾಸು, ಅಂತರ 12 ರೂಪಾಯಿ. ತಿಂಗಳಿಗೆ 400 ಕಿ.ಮೀ. ಸಿಟಿಲಿ ಓಡಿಸೋರು ಪೆಟ್ರೋಲ್ ಲೀಟರಿಗೆ 11 ಕಿ.ಮೀ., ಡೀಸೆಲ್ 15 ಕಿ.ಮೀ. ಅಂತ ಹಾಕಿ ನೋಡಿ, ಡೀಸೆಲ್ಲಲ್ಲಿ ತಿಂಗಳಿಗೆ ಉಳಿಯೋದು 1300 ರೂಪಾಯಿ ಚಿಲ್ಲರೆ. ಹಳೇ ಟರ್ಬೋ ಡೀಸೆಲ್ಲಿಗೆ ಕ್ಲಚ್ಚು ಫ್ಲೈವೀಲು ಒಟ್ಟಿಗೆ ಬಂದ್ರೆ, ಇಲ್ಲಾ ಇಂಜೆಕ್ಟರ್ ಕೆಲಸ ಬಂದ್ರೆ, ವರ್ಷಗಟ್ಟಲೆ ಉಳಿಸಿದ್ದು ಒಂದೇ ಬಿಲ್ಲಲ್ಲಿ ಹೋಗುತ್ತೆ. ನನ್ನ ಥರ ದಿನಾ ಹೈವೇ ಓಡೋರಿಗೆ ಮಾತ್ರ ಲೆಕ್ಕ ತಿರುಗುತ್ತೆ.

ಹಂಗಂತ ಹಳೇ ಟರ್ಬೋ ಪೆಟ್ರೋಲಿಗೆ ಖರ್ಚಿಲ್ಲ ಅಂತ ಅಲ್ಲ. ತಮ್ಮನ ಕಾರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡ್ರೈ ಕ್ಲಚ್ ಥರದ್ದು, ಅಂದ್ರೆ ಕ್ಲಚ್ಚನ್ನ ತಣ್ಣಗಿಡೋಕೆ ಆಯಿಲ್ ಇರಲ್ಲ, ಟ್ರಾಫಿಕ್ಕಲ್ಲಿ ಇಂಚಿಂಚೇ ತೆವಳಿಸಿದ್ರೆ ಬಿಸಿಯಾಗುತ್ತೆ, ದಸರಾ ಟೈಮಲ್ಲಿ ಲೈಟಿಂಗ್ ನೋಡೋಕೆ ಅಂತ ಅದನ್ನ ತಗೊಂಡು ಹೋಗಬೇಡ ಅಂತ ಅವನಿಗೆ ಪ್ರತಿ ವರ್ಷ ಹೇಳ್ತೀನಿ. ಮತ್ತೆ ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್, 2023ರ ಫೆಬ್ರವರಿಲಿ ಬೆಂಗಳೂರಲ್ಲೇ ಶುರು ಮಾಡಿದ್ದು. ಎಥನಾಲಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳೋದು ಸಹಜ. ಹಳೇ ಪೆಟ್ರೋಲ್ ಕಾರ್ ತಗೊಳೋರು ಅದರ ಮ್ಯಾನ್ಯುಯಲಲ್ಲಿ ಎಷ್ಟು ಪರ್ಸೆಂಟ್ ಎಥನಾಲ್ ಓಕೆ ಅಂತ ಬರೆದಿದ್ದಾರೆ ಅನ್ನೋದನ್ನ ನೋಡ್ಕೊಳಿ.

"ಹತ್ತು ವರ್ಷ ಆದ್ರೆ ಡೀಸೆಲ್ ಗಾಡಿ ಗುಜರಿಗಂತೆ" ಅನ್ನೋ ಫಾರ್ವರ್ಡ್ ನನಗೆ ಕಳಿಸಬೇಡಿ. ಅದು ಡೆಲ್ಲಿ-ಎನ್‌ಸಿಆರ್ ಕಥೆ, ಹಸಿರು ನ್ಯಾಯಮಂಡಳಿ ಎನ್‌ಜಿಟಿ 2015ರಲ್ಲಿ ಹೇಳಿದ್ದು, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿ ಹಿಡಿದಿದ್ದು. ನಮ್ಮ ಮೈಸೂರಿನ ಕೆಎ-09 ಡೀಸೆಲ್ಲಿಗೂ ಪೆಟ್ರೋಲಿನ ಹಾಗೇ ರಿಜಿಸ್ಟ್ರೇಷನ್ 15 ವರ್ಷಕ್ಕೆ.

ಈಗ ಮದ್ದೂರು ಕಡೆ ಒಂದು ಬೀಗರೂಟದ ವಿಷಯ ಹೇಳ್ಬೇಕು. ಮುದ್ದೆ ಮುರಿದು ಸಾರಿಗೆ ಅದ್ದಿದ್ದೀನಿ, ಪಕ್ಕದಲ್ಲಿ ಕೂತಿದ್ದ ಹುಡುಗ, ನಮ್ಮ ಅತ್ತಿಗೆ ಕಡೆಯವನು, ಕಬ್ಬು ಬೆಳೀತಾನೆ, "ಅಣ್ಣ, ಒಂದು ಜಿಟಿ ನೋಡಿವ್ನಿ, ಪೆಟ್ರೋಲ್ ತಕ್ಕಳನಾ ಡೀಸಲ್ ತಕ್ಕಳನಾ, ಒಂದೇ ಮಾತ್ನಲ್ಲಿ ಏಳ್ಬುಡಿ" ಅಂದ. ನಾನು ಬಾಯಿ ತೆಗೆಯೋ ಮುಂಚೆ ಎದುರು ಸಾಲಲ್ಲಿದ್ದ ಅವನ ದೊಡ್ಡಪ್ಪ, "ಡೀಸಲ್ಲೇ ತಕ್ಕಳ್ಲಾ, ಟ್ರ್ಯಾಕ್ಟರ್‌ಗೂ ಅದೇಯ ಕಾರ್‌ಗೂ ಅದೇಯ, ಡ್ರಮ್ಮು ತಂದು ಮಡಿಕ್ಕಂಡ್ರೆ ಆಯ್ತು" ಅಂದ್ರು. ಇಡೀ ಸಾಲು ನಕ್ತು, ನಾನೂ ನಕ್ಕೆ. ಆಮೇಲೆ ಹುಡುಗನ್ನ ಕೇಳ್ದೆ, ದಿನಾ ಎಲ್ಲಿಗೆ ಓಡಿಸ್ತೀಯಪ್ಪ? "ತೋಟುಕ್ಕೆ, ಮದ್ದೂರ್‌ಗೆ, ಅಷ್ಟೇಯ." ಐದಾರು ಕಿ.ಮೀ. ಹಂಗಾದ್ರೆ ಪೆಟ್ರೋಲ್ ತಗೋ, ನೀವು ಬೆಳೆಯೋ ಕಬ್ಬಿನಿಂದಾನೇ ಎಥನಾಲ್ ಮಾಡ್ತಾರೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಅಣ್ಣ, ನಂಗೆ ಮೈಲೇಜ್ ಗೀಲೇಜ್ ಬ್ಯಾಡ, ಆ ಡೀಸಲ್ಲು ಎಳಿತದಲ್ಲ, ಅದು ಬೇಕು" ಅಂದ.

ಅಷ್ಟು ಜನದಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ. ಅವನು ಹೇಳಿದ್ದು ಸರಿ ಕೂಡ. ಜಿಟಿ ಟಿಡಿಐ 1.5 ಲೀಟರ್ ಇಂಜಿನ್‌ಗೆ 110 ಪಿಎಸ್, ಟಾರ್ಕ್ 250 ನ್ಯೂಟನ್ ಮೀಟರ್, ಅದೂ 1500 ಆರ್‌ಪಿಎಂ ಇಂದಾನೇ. ತಮ್ಮನ 1.2 ಟಿಎಸ್‌ಐಗೆ 105 ಪಿಎಸ್, ಟಾರ್ಕ್ 175. ಪೇಪರಲ್ಲಿ ಪವರ್ ಹತ್ರ ಹತ್ರ, ಆದ್ರೆ ಸುಂಟಿಕೊಪ್ಪ ದಾಟಿ ಮಡಿಕೇರಿ ಹತ್ತೋವಾಗ ಮುಂದೆ ಒಂದು ಬಸ್ಸಿದ್ದು ಸಣ್ಣ ಗ್ಯಾಪ್ ಸಿಕ್ಕಿದ್ರೆ ಡೀಸೆಲ್ ಮೂರನೇ ಗೇರಲ್ಲಿ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗೆ ಹೋಗುತ್ತೆ. ಆ ಖುಷಿ ನನಗೆ ಇವತ್ತಿಗೂ ಹಳೇದಾಗಿಲ್ಲ. ಪೆಟ್ರೋಲ್ ಖುಷಿ ಬೇರೆ, ಮೂತಿ ಹಗುರ, ಚಾಮುಂಡಿ ಬೆಟ್ಟದ ತಿರುವಲ್ಲಿ ಹೇಳಿದ ಕಡೆ ತಿರುಗುತ್ತೆ, ಡೀಸೆಲ್ ಉಸಿರು ಬಿಡೋ ಆರ್‌ಪಿಎಂ ದಾಟಿನೂ ಅದು ಮೇಲಕ್ಕೆ ಏರ್ತಾ ಹೋಗುತ್ತೆ. ಡೀಸೆಲ್ ಹಾಟ್ ಹ್ಯಾಚೇ ಅಲ್ಲ ಅನ್ನೋ ಪಂಡಿತರು ಇದ್ದಾರೆ. ಗಾಲ್ಫ್ ಜಿಟಿಐ ಬಂದಿದ್ದು 1976ರಲ್ಲಿ, ಅದರ ಡೀಸೆಲ್ ತಮ್ಮ ಜಿಟಿಡಿ 1982ರಲ್ಲೇ ಬಂತು. ಕಾರ್ ಮಾಡಿದವರಿಗೇ ಇಲ್ಲದ ಮಡಿ ಇವರಿಗ್ಯಾಕೆ?

ಆ ಹುಡುಗ ಫೋನಲ್ಲಿ ಕಾರಿನ ಫೋಟೋ ತೋರಿಸ್ದ. ನಾನು ಝೂಮ್ ಮಾಡಿ ನೋಡಿದ್ದು ಟೈರನ್ನ. ಟೈರ್ ಪಕ್ಕದಲ್ಲಿ ಡಾಟ್ ನಂಬರಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ಅದರಲ್ಲಿ 16 ಅಂತಿತ್ತು. 2016ರಲ್ಲಿ ತಯಾರಾದ ರಬ್ಬರ್ ಮೇಲೆ ಈ ಹುಡುಗ 250 ನ್ಯೂಟನ್ ಮೀಟರ್ ಇಟ್ಕೊಂಡು ಮದ್ದೂರಿಂದ ಎಕ್ಸ್‌ಪ್ರೆಸ್‌ವೇಗೆ ಹತ್ತೋನು.

ನನ್ನನ್ನ ಯಾರೂ ಕೇಳದೇ ಇರೋ ಪ್ರಶ್ನೆ ಇದೇ: ಇಷ್ಟು ಜೋರಾಗಿ ಹೋಗೋ ಕಾರನ್ನ ನಿಲ್ಲಿಸೋದು ಹೆಂಗೆ? ಈ ಕಾರುಗಳಿಗೆ ಹಿಂದಿನ ಚಕ್ರಕ್ಕೆ ಡಿಸ್ಕ್ ಅಲ್ಲ, ಹಳೇ ಥರದ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳುತ್ತೆ, ತೇವ ಸೇರಿದ್ರೆ ಕಮ್ಮಿ ಬಿಸಿಗೇ ಕುದಿಯುತ್ತೆ, ಇಳಿಜಾರಲ್ಲಿ ಪೆಡಲ್ ಕೆಳಗೆ ಹೋಗುತ್ತೆ, ಎರಡು ವರ್ಷಕ್ಕೊಂದು ಸಲ ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಮಾರೋರು ಪಾಲಿಶ್ ಹೊಡೆಸ್ತಾರೆ, ಸೀಟ್ ಕವರ್ ಹಾಕಿಸ್ತಾರೆ, ಬ್ರೇಕ್ ಆಯಿಲ್ ಮುಟ್ಟಿರಲ್ಲ. ತಗೊಳೋರು ಬಂದ ಮೊದಲ ವಾರ ದುಡ್ಡು ಹಾಕೋದು ಸ್ಪೀಕರ್‌ಗೆ, ಅಲಾಯ್‌ಗೆ, ಪವರ್ ಏರಿಸೋಕೆ ಇಂಜಿನ್ ಸಾಫ್ಟ್‌ವೇರ್ ಬದಲಾಯಿಸೋ ರೀಮ್ಯಾಪ್‌ಗೆ. 110 ಸಾಲದು 140 ಬೇಕು ಅಂತಾರೆ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂದ್ರೆ ಗೊತ್ತಿಲ್ಲ ಅಂತಾರೆ. ಎಕ್ಸ್‌ಪ್ರೆಸ್‌ವೇ ಓಪನ್ ಆದ 2023ರಲ್ಲಿ ಅಲ್ಲಿ ಎಷ್ಟು ಆಕ್ಸಿಡೆಂಟ್ ಆಯ್ತು ಅಂತ ಮಂಡ್ಯ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಮೇಲೆ ಬೈಕು ಆಟೋ ನಿಲ್ಲಿಸಿದ್ರು, ಕ್ಯಾಮೆರಾ ಹಾಕಿದ್ರು, ಲಿಮಿಟ್ 100, 2024ರ ಆಗಸ್ಟಿಂದ 130 ದಾಟಿದ್ರೆ ಎಫ್‌ಐಆರ್. ಆ ದಾರೀಲಿ ನಾನು ದಿನಾ ಓಡಾಡ್ತೀನಿ, ಈ ವಿಷಯದಲ್ಲಿ ನನಗೆ ತಮಾಷೆ ಬರಲ್ಲ.

ಆ ಹುಡುಗನಿಗೆ ಹೇಳಿದ್ದು: ಡೀಸೆಲ್ಲೇ ತಗೋ, ನಿನ್ನ ಮನಸ್ಸು ಅಲ್ಲಿದೆ. ಆದ್ರೆ ರೇಟಲ್ಲಿ ನಾಲ್ಕು ಟೈರ್ ದುಡ್ಡು ಇಳಿಸು, ಬ್ರೇಕ್ ಆಯಿಲ್ಲು ಪ್ಯಾಡು ಮೊದಲ ದಿನವೇ ಹಾಕಿಸು, ಮತ್ತೆ ವಾರಕ್ಕೊಂದು ಸಲ ಮೈಸೂರ್ ಕಡೆ ಒಂದು ಉದ್ದ ಓಟ ಓಡಿಸು, ಇಂಜಿನ್ನಿಗೂ ಒಳ್ಳೇದು. ಅವನು ತಗೊಂಡ. ಟೈರ್ ಹಾಕಿಸಿದ ಬಿಲ್ಲನ್ನ ನನಗೆ ಫೋಟೋ ಕಳಿಸಿದ.

ನೀವೂ ಈ ವಾರ ಗಾಡಿ ನೋಡೋಕೆ ಹೋಗ್ತಿದ್ರೆ, ಪೆಟ್ರೋಲೋ ಡೀಸೆಲ್ಲೋ, ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ತಣ್ಣಗಿರೋವಾಗ ಅದು ಹೆಂಗೆ ಸ್ಟಾರ್ಟ್ ಆಗುತ್ತೆ, ಎಷ್ಟು ಹೊಗೆ ಬಿಡುತ್ತೆ ಅನ್ನೋದು ನಿಮಗೆ ಕಾಣಬಾರದು ಅಂತ ಇರಬಹುದು. ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ, ನಾನು ಬಂದ ಮೇಲೆ ಕೀ ತಿರುಗಿಸಿ ಅಂತ ಹೇಳಿ ವಾಪಸ್ ಬನ್ನಿ.