ಅಪ್ಪ ಇಬ್ಬರಿಗೂ ಬೇಡದವರಾಗಿದ್ದ ದಿನಗಳು

"ರಾತ್ರಿ ಯಾರು ಬಂದಿದ್ರು?" 2005ರಲ್ಲಿ ನಮ್ಮ ಅಂಗಳಕ್ಕೆ ಬಂದ ಪೊಲೀಸರು ಮೊದಲು ಕೇಳುತ್ತಿದ್ದದ್ದು ಇಷ್ಟೇ. ಆ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಗಿತ್ತು. ಅಪ್ಪ ಆಗ ಗ್ರಾಮ ಪಂಚಾಯಿತಿ ಸದಸ್ಯರು. ಶೃಂಗೇರಿ ಕಡೆಯ ಕಾಡಂಚಿನ ಊರು ನಮ್ಮದು.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ ಎಲ್ಲರಿಗೂ ಇತ್ತು. ಆ ಭಯವೇ ಕೆಲವು ಹುಡುಗ ಹುಡುಗಿಯರನ್ನು ಕಾಡಿಗೆ, ನಕ್ಸಲರ ಕಡೆಗೆ, ಕರೆದೊಯ್ದಿತು. ಅಪ್ಪನಿಗೆ ಬಂದೂಕು ಅಂದರೆ ಆಗುತ್ತಿರಲಿಲ್ಲ. ಆದರೆ ಕತ್ತಲಲ್ಲಿ ಬಂದು ಅಕ್ಕಿ ಕೇಳಿದರೆ ಏನು ಮಾಡೋದು? ಕೊಟ್ಟರೆ ಪೊಲೀಸರಿಗೆ ಅನುಮಾನ. ಕೊಡದಿದ್ದರೆ ನಕ್ಸಲರಿಗೆ "ಮಾಹಿತಿದಾರ". ಮಾಹಿತಿದಾರ ಅನ್ನಿಸಿಕೊಂಡವರಿಗೆ ಏನಾಗುತ್ತಿತ್ತು ಅಂತ ಊರಿಗೆಲ್ಲ ಗೊತ್ತಿತ್ತು.

ಒಂದು ಬೆಳಗ್ಗೆ ಕಾಲನಿಯ ಹುಡುಗನೊಬ್ಬನನ್ನು ವಿಚಾರಣೆಗೆ ಕರ್ಕೊಂಡು ಹೋದರು. ಅಪ್ಪ ಎಲೆ ಅಡಿಕೆ ಚೀಲ ಹಿಡಿದು ಠಾಣೆಗೆ ಹೋದರು. ಜಗಳ ಇಲ್ಲ, ಭಾಷಣ ಇಲ್ಲ. ಸಂಜೆವರೆಗೂ ಬೆಂಚಿನ ಮೇಲೆ ಸುಮ್ನೆ ಕೂತಿದ್ದರಂತೆ. ಕತ್ತಲಾಗುವ ಹೊತ್ತಿಗೆ ಹುಡುಗನ ಜೊತೆ ವಾಪಸ್ ಬಂದರು. ಅಮ್ಮ ಮೂರು ದಿನ ಅವರ ಹತ್ತಿರ ಮಾತಾಡಲಿಲ್ಲ, ಅದು ಬೇರೆ ವಿಷಯ.

2024ರ ನವೆಂಬರ್‌ನಲ್ಲಿ ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ಗೆ ಬಲಿಯಾದಾಗ ಇನ್ನು ಸರ್ಕಾರ-ನಕ್ಸಲರ ಮಾತುಕತೆ ಮುಗಿಯಿತು ಅಂದುಕೊಂಡಿದ್ದೆ. ಎರಡೇ ತಿಂಗಳಲ್ಲಿ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಮುಂದೆ ಶರಣಾದರು. ನಡುವೆ ನಿಂತು ಮಾತಾಡಿದ್ದು 'ಶಾಂತಿಗಾಗಿ ನಾಗರಿಕ ವೇದಿಕೆ'. 2014ರಲ್ಲಿ ಭೂಗತರಾಗಿದ್ದ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಹೊರಬರುವಾಗಲೂ ಸ್ವಾತಂತ್ರ್ಯ ಹೋರಾಟಗಾರ ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್ ಹೀಗೇ ನಡುವೆ ನಿಂತಿದ್ದರು. ದೊಡ್ಡ ಹೆಸರುಗಳು, ಸರಿ. ಆದರೆ ಈ ಇಪ್ಪತ್ತು ವರ್ಷ ಎರಡೂ ಕಡೆ ಬೈಸಿಕೊಂಡು ಊರನ್ನು ಹಿಡಿದಿಟ್ಟುಕೊಂಡವರು ಅಪ್ಪನಂಥವರು ಅಂತ ನನ್ನ ಲೆಕ್ಕ. ಮಗನ ಪಕ್ಷಪಾತ ಅನ್ನಿ ಬೇಕಾದ್ರೆ.

ಲತಾ ಶರಣಾದ ದಿನ ರಾತ್ರಿ ಫೋನ್ ಮಾಡಿದೆ. ಅಪ್ಪನೂ ಟಿವಿ ನೋಡಿದ್ದರು.

"ಆ ಹುಡುಗಿ ಎಷ್ಟು ಸೊರಗಿದಾಳೆ ಮಾರಾಯ," ಅಂದರು. ಆಮೇಲೆ, "ಕಾಲನಿಯವರ ಹಕ್ಕುಪತ್ರದ ಅರ್ಜಿ ಜೆರಾಕ್ಸ್ ಇನ್ನೂ ನನ್ನ ಟ್ರಂಕಿನಲ್ಲೇ ಇದೆ. ಈ ಸಲ ಬಂದಾಗ ಒಮ್ಮೆ ತಾಲೂಕು ಕಚೇರಿಗೆ ಹೋಗ್ಬರೋಣ, ಆಯ್ತಾ?"