ಹೆಂಡತಿ ಮಕ್ಕಳ ಗತಿ ಏನು?

ಹಿಟ್ಲರನ ಯುದ್ಧದಲ್ಲಿ ಕಾದಾಡಲು ಒಪ್ಪದೆ ಪ್ರಾಣ ತೆತ್ತ, ಕಥೋಲಿಕ ಧರ್ಮಸಭೆ ‘ಪುನೀತ’ (ಸಂತ ಪದವಿಗೆ ಮುಂಚಿನ ಗೌರವ) ಎಂದು ಸಾರಿರುವ ಫ್ರಾಂಝ್ ಯೇಗರ್‌ಸ್ಟೆಟರ್ ಬಗ್ಗೆ ಮಾತೆತ್ತಿದಾಗಲೆಲ್ಲ ನಮ್ಮ ಧರ್ಮಕೇಂದ್ರದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಹೆಂಡತಿಯ ಕೈಗೆ ಬಿಟ್ಟು ಸಾಯಲು ಹೊರಟವನು ಎಂಥ ಪುಣ್ಯಾತ್ಮ? ಕೇಳುವುದು ತಪ್ಪೇನಲ್ಲ. ಸಲಹೆ ಕೇಳಲು ಹೋದ ಆತನಿಗೆ ಲಿಂಝ್‌ನ ಧರ್ಮಾಧ್ಯಕ್ಷ (ಬಿಷಪ್) ಜೋಸೆಫ್ ಫ್ಲೀಸರ್ ಕೂಡ ಹೇಳಿದ್ದು ಇದನ್ನೇ: ನಿನ್ನ ಹೊಣೆ ನಿನ್ನ ಸಂಸಾರ, ಯುದ್ಧದ ನ್ಯಾಯಾನ್ಯಾಯ ನಿನಗೆ ಸೇರಿದ್ದಲ್ಲ.

ಆತ ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ. ಊರಿನ ಚರ್ಚಿನ ಚಾಕರಿಯನ್ನೂ ನೋಡಿಕೊಳ್ಳುತ್ತಿದ್ದ. 1938ರ ಏಪ್ರಿಲ್‌ನಲ್ಲಿ, ಆಸ್ಟ್ರಿಯವನ್ನು ಹಿಟ್ಲರ್ ನುಂಗಿಕೊಂಡ ಮೇಲೆ ನಡೆದ ಜನಮತದಲ್ಲಿ ಆ ಊರಿನಿಂದ ‘ಬೇಡ’ ಎಂದವನು ಆತನೊಬ್ಬನೇ. ಲೆಕ್ಕ ಬರೆದವರು ಅದನ್ನೂ ಅಳಿಸಿ ನೂರಕ್ಕೆ ನೂರು ‘ಬೇಕು’ ಎಂದು ಮಾಡಿದರು! ಒಮ್ಮೆ ಸೈನಿಕ ತರಬೇತಿಗೂ ಹೋಗಿ ಬಂದಿದ್ದ. ಮತ್ತೆ ಕರೆ ಬಂದಾಗ, 1943ರ ಮಾರ್ಚ್ 1ರಂದು, ಎನ್ಸ್‌ನ ಸೇನಾ ಶಿಬಿರಕ್ಕೆ ಹೋಗಿ, ಈ ಯುದ್ಧದಲ್ಲಿ ಬಂದೂಕು ಹಿಡಿಯುವುದಿಲ್ಲ ಎಂದ. ಗಾಯಾಳುಗಳ ಶುಶ್ರೂಷೆಗೆ ಬೇಕಾದರೆ ಹಾಕಿ ಎಂದು ಕೇಳಿಕೊಂಡ. ಸಾಯಲು ಹೊರಟವನು ಇದನ್ನು ಕೇಳುವುದಿಲ್ಲ. ಸೇನಾ ನ್ಯಾಯಾಲಯ ಕಿವಿಗೊಡಲಿಲ್ಲ; ಜುಲೈ 6ರಂದು ಮರಣದಂಡನೆ ವಿಧಿಸಿತು. ಆಗಸ್ಟ್ 9ರಂದು ಬ್ರಾಂಡನ್‌ಬುರ್ಗ್ ಸೆರೆಮನೆಯಲ್ಲಿ ತಲೆ ಕಡಿದರು. ದೊಡ್ಡ ಮಗಳಿಗೆ ಆಗ ಇನ್ನೂ ಆರು ತುಂಬಿರಲಿಲ್ಲ.

ನನ್ನ ಉತ್ತರ ಒರಟಾಗಿಯೇ ಇದೆ. ಅದೇ ವರ್ಷಗಳಲ್ಲಿ ಮಕ್ಕಳೊಂದಿಗರಾದ ಎಷ್ಟೋ ರೈತರು ರಷ್ಯಾದ ಹಿಮಕ್ಕೆ ಹೋಗಿ ಹೆಣವಾದರು. ಅವರೂ ಸಂಸಾರ ಬಿಟ್ಟೇ ಹೋದವರು. ಅವರನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಸರ್ಕಾರದ ಓಲೆ ಬಂದರೆ ಹೆಂಡತಿ ಮಕ್ಕಳನ್ನು ಬಿಡುವುದು ಕರ್ತವ್ಯ, ಮನಸ್ಸಾಕ್ಷಿಯ ಕರೆ ಬಂದರೆ ಬೇಜವಾಬ್ದಾರಿ! ಈ ತಕ್ಕಡಿ ನನಗೆ ಒಪ್ಪಿಗೆಯಿಲ್ಲ.

ಇನ್ನು ಹೆಂಡತಿ ಫ್ರಾಂಝಿಸ್ಕಾ. ಅವಳ ಹೆಸರಿನಲ್ಲಿ ಮರುಗುವವರು ಅವಳ ಮಾತನ್ನು ಕೇಳಿದ್ದು ಕಡಿಮೆ. ಮೊದಮೊದಲು ಆಕೆಯೂ ಬೇಡವೆಂದು ಬೇಡಿಕೊಂಡಳು. ಅತ್ತೆ, ನೆಂಟರು, ಚರ್ಚಿನ ಗುರುಗಳು ಎಲ್ಲರೂ ಆತನ ವಿರುದ್ಧ ನಿಂತದ್ದನ್ನು ಕಂಡ ಮೇಲೆ ಸುಮ್ಮನಾದಳು. ತಾನೂ ಕೈಬಿಟ್ಟರೆ ಆತನಿಗೆ ಯಾರೂ ಇರುವುದಿಲ್ಲವೆಂದು ಜೊತೆಗೆ ನಿಂತಳು. ಶಿಕ್ಷೆಯಾದ ಮೇಲೆ ಊರಿನ ಗುರುಗಳೊಂದಿಗೆ ಬರ್ಲಿನ್‌ವರೆಗೆ ಹೋಗಿ ಕಂಡು ಬಂದಳು. ಹಿಂದಿರುಗಿದಾಗ ಹಳ್ಳಿ ಅವಳನ್ನೇ ದೂರಿತು: ಇವಳ ಭಕ್ತಿ ಹೆಚ್ಚಾಗಿ ಗಂಡನ ತಲೆ ಕೆಟ್ಟಿತು ಎಂದು.

ಯುದ್ಧ ಮುಗಿಯಿತು, ನಾಜಿಗಳು ಹೋದರು. ಸತ್ತ ಸೈನಿಕರ ವಿಧವೆಯರಿಗೆ ಪಿಂಚಣಿ ಬಂತು. ಫ್ರಾಂಝಿಸ್ಕಾಗೆ 1950ರವರೆಗೂ ಕೊಡಲಿಲ್ಲ. ಗಂಡ ಕಾದಾಡಿ ಸತ್ತವನಲ್ಲವಲ್ಲ. ಅಲ್ಲಿಯತನಕ ಮೂರು ಮಕ್ಕಳನ್ನು ಆಕೆ ಹೊಲದಲ್ಲಿ ದುಡಿದೇ ಸಾಕಿದಳು. ‘ಹೆಂಡತಿ ಮಕ್ಕಳ ಗತಿ ಏನು’ ಎಂದು ತಲೆ ಕೊಟ್ಟವನನ್ನು ಕೇಳುವವರು, ಆ ಪಿಂಚಣಿಯ ಕಡತ ಹಿಡಿದು ಕುಳಿತಿದ್ದವರನ್ನೂ ಒಮ್ಮೆ ಕೇಳಬೇಕಿತ್ತು.