ಪಿನ್ನಿನ ಎರಡು ತೂತು

ಗ್ರೇಡಿಂಗಿಗೆ, ಅಂದರೆ ಪರೀಕ್ಷಿಸಿ ದರ್ಜೆ ಕೊಡಲಿ ಅಂತ, ಕಳಿಸಿದ್ದ ನಮ್ಮ ಮೂರು ಹಳೇ ನೋಟುಗಳು ಹೋದ ವಾರ ಅಮೆರಿಕದಿಂದ ವಾಪಸ್ ಬಂದವು. ಮೊದಲು ತೆಗೆದು ನೋಡಿದ್ದು ನವಿಲಿನ ಹತ್ತು ರೂಪಾಯಿ. ಮನಮೋಹನ್ ಸಿಂಗ್ ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗಿನ ಸಹಿ. 1983ರಲ್ಲಿ ನಾನು ಕುಮಟಾದ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಶಿಯರ್ ಆಗಿ ಸೇರಿದೆ. ಮೊದಲ ಸಂಬಳದಲ್ಲಿ ಒಂದೇ ಒಂದು ಗರಿಗರಿ ನೋಟನ್ನು ಡೈರಿಯೊಳಗೆ ಇಟ್ಟಿದ್ದೆ, ಅದು ಇದೇ. ಈಗ ಪ್ಲಾಸ್ಟಿಕ್ ಹೊದಿಕೆಯೊಳಗೆ ಸೀಲ್ ಆಗಿ ಬಂದಿದೆ. ಲೇಬಲ್ ಮೇಲೆ 64 ಎಂಬ ಅಂಕಿ, ಪಕ್ಕದಲ್ಲಿ ಒಂದು ಸಣ್ಣ ಸಾಲು: ‘ಸ್ಟೇಪಲ್ ಹೋಲ್ಸ್ ಅಟ್ ಇಶ್ಯೂ’. ಅಂದರೆ ಬಿಡುಗಡೆಯಾಗುವಾಗಲೇ ಇದ್ದ ಪಿನ್ನಿನ ತೂತು.

ಆ ಸಾಲನ್ನು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ಆ ತೂತುಗಳು ನನಗೆ ಗೊತ್ತು.

ಹೊಸ ನೋಟು ನಮ್ಮ ಕೌಂಟರಿಗೆ ನೂರರ ಕಟ್ಟಾಗಿ ಬರುತ್ತಿತ್ತು. ನೋಟಿನ ಎಡಗಡೆ ದಪ್ಪ ತಂತಿಯ ಪಿನ್ನು. ಗಿರಾಕಿಗೆ ಬಿಡಿ ನೋಟು ಕೊಡಬೇಕಾದರೆ ಪಿನ್ನಿನ ಕಾಲುಗಳನ್ನು ಹಿಂದಿನಿಂದ ಬಿಡಿಸಿ, ಎತ್ತಿ, ಎಳೆಯಬೇಕು. ಅವಸರ ಮಾಡಿದರೆ ತೂತು ಸೀಳಾಗುತ್ತಿತ್ತು. ಹೆಬ್ಬೆರಳಿನ ಉಗುರಿನ ಸಂದಿಗೆ ತಂತಿ ಚುಚ್ಚದ ದಿನವೇ ಇರಲಿಲ್ಲ. ಕುಮಟಾದ ಮಳೆಗಾಲದಲ್ಲಿ ಇನ್ನೊಂದು ಕಷ್ಟ, ಪಿನ್ನಿಗೆ ತುಕ್ಕು ಹಿಡಿದು ತೂತಿನ ಸುತ್ತ ಕಂದು ಉಂಗುರ ಮೂಡುತ್ತಿತ್ತು. 2001ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನೋಟಿನ ಕಟ್ಟಿಗೆ ಪಿನ್ ಹೊಡೆಯುವುದನ್ನು ನಿಲ್ಲಿಸಬೇಕೆಂದು ಎಲ್ಲ ಬ್ಯಾಂಕುಗಳಿಗೂ ಆದೇಶ ಕೊಟ್ಟಿತು. ಕಾಗದದ ಪಟ್ಟಿ ಬಂತು. ನನ್ನ ಬೆರಳು ಉಳಿಯಿತು.

ಸಾವಿರಾರು ಮೈಲಿ ದೂರದಲ್ಲಿ ಕೂತು ನೋಟು ನೋಡಿದವರಿಗೆ ಈ ತೂತು ಆಮೇಲೆ ಯಾರೋ ಮಾಡಿದ್ದಲ್ಲ, ನೋಟಿನ ಹುಟ್ಟಿನ ಜೊತೆಗೇ ಬಂದದ್ದು ಅಂತ ಗೊತ್ತಾಯಿತಲ್ಲ, ಅದಕ್ಕೆ ನನಗೆ ಗೌರವ. ತುಕ್ಕಿದ್ದರೆ ಅದನ್ನು ಬೇರೆಯಾಗಿ ಬರೆಯುತ್ತಾರೆ. ತುಕ್ಕು ದೋಷ, ತೂತು ಚರಿತ್ರೆ.

ಗ್ರೇಡಿಂಗ್ ಅಂದರೆ ಏನು ಅಂತ ಕೇಳುವವರಿಗೆ ನಾನು ಹೇಳುವುದಿಷ್ಟು. ಮಾರುವವನು ‘ಹೊಚ್ಚ ಹೊಸದು’ ಅನ್ನುತ್ತಾನೆ, ಕೊಳ್ಳುವವನು ‘ಅಲ್ಲ, ಮಡಿಕೆ ಇದೆ’ ಅನ್ನುತ್ತಾನೆ. ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ನೋಡಿ ಹೇಳಲಿ ಅನ್ನುವುದೇ ಇದರ ಮೂಲ. ನಾನು ಕಳಿಸಿದ್ದು ಪೇಪರ್ ಮನಿ ಗ್ಯಾರಂಟಿಗೆ, ಸಂಗ್ರಾಹಕರೆಲ್ಲ ಪಿಎಂಜಿ ಅನ್ನುವ ಸಂಸ್ಥೆ. 2005ರಲ್ಲಿ ಶುರುವಾದದ್ದು, ಇರುವುದು ಫ್ಲೋರಿಡಾದ ಸರಸೋಟಾದಲ್ಲಿ. ಅಲ್ಲಿ ನೋಟು ಪರೀಕ್ಷಿಸುವವರು ನೋಟಿನ ವ್ಯಾಪಾರ ಮಾಡುವಂತಿಲ್ಲ. ಮೊದಲು ನೋಟು ಅಸಲಿಯೋ ಅಂತ ನೋಡಿ, ಆಮೇಲೆ 70ರವರೆಗಿನ ಅಂಕಿಯಲ್ಲಿ ದರ್ಜೆ ಕೊಡುತ್ತಾರೆ. 60ರಿಂದ ಮೇಲೆ ಚಲಾವಣೆ ಕಾಣದ ನೋಟು. ನಡುವೆ ಒಂದೇ ಒಂದು ತೆಳು ಮಡಿಕೆ ಬಿದ್ದಿದ್ದರೂ 58ಕ್ಕೋ 55ಕ್ಕೋ ಇಳಿಯುತ್ತದೆ. ಕಠಿಣ ಅನಿಸಬಹುದು. ಆದರೆ ಕಾಗದದ ಎಳೆ ಒಮ್ಮೆ ಮುರಿದರೆ ಮತ್ತೆ ಕೂಡುವುದಿಲ್ಲ.

ನನ್ನ ಹತ್ತು ರೂಪಾಯಿಗೆ ಇನ್ನೂ ಹೆಚ್ಚು ಯಾಕೆ ಬರಲಿಲ್ಲ ಅನ್ನುವುದೂ ನನಗೆ ಗೊತ್ತು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕನ್ನು ಪಕ್ಕದಿಂದ ಬಿಟ್ಟರೆ ಬಲಮೂಲೆಯ ಹತ್ತಿರ ಕೂದಲೆಳೆಯಷ್ಟು ಸುಕ್ಕು ಕಾಣುತ್ತದೆ. ಅದು ಎಣಿಸಿದ ಗುರುತು. ಸ್ಪಂಜಿನ ಬಟ್ಟಲಿಗೆ ಬೆರಳು ಅದ್ದಿ, ಕಟ್ಟನ್ನು ಬಗ್ಗಿಸಿ ಪಟಪಟನೆ ಎಣಿಸುವಾಗ ಬೀಳುವಂಥದ್ದು. ಎಣಿಸಿದವಳು ನಾನೇ ಇರಬೇಕು. ಮೂವತ್ತಾರು ವರ್ಷ ಮಾಡಿದ ಕೆಲಸ ಆ ಮೂಲೆಯಲ್ಲಿದೆ.

ಇನ್ನೆರಡು ಒಂದು ರೂಪಾಯಿಯವು, ಅವ್ವನ ಅರಿಶಿನದ ಡಬ್ಬಿಯ ತಳದಲ್ಲಿ ಕಾಗದ ಸುತ್ತಿ ಇಟ್ಟಿದ್ದವು. 1949ರ ನೋಟು. ರಾಜನ ಮುಖ ಹೋಗಿ ಅಶೋಕ ಸ್ತಂಭದ ಸಿಂಹಗಳು ಬಂದ ಮೊದಲ ನೋಟು ಅದು. ಒಂದು ರೂಪಾಯಿಯನ್ನು ಹೊರಡಿಸುವುದು ಭಾರತ ಸರ್ಕಾರ, ಹಾಗಾಗಿ ಅದರಲ್ಲಿ ಗವರ್ನರ್ ಬದಲು ಹಣಕಾಸು ಕಾರ್ಯದರ್ಶಿಯ ಸಹಿ. ಇವುಗಳಲ್ಲಿ ಕೆ.ಆರ್.ಕೆ. ಮೆನನ್ ಅವರದು. ಎರಡಕ್ಕೂ ನಡುವೆ ಒಂದೊಂದು ಮಡಿಕೆ, ಅಷ್ಟೇ. ಒಂದು ನನ್ನ ಪಾಲಿಗೆ, ಒಂದು ತಮ್ಮನ ಪಾಲಿಗೆ ಬಂತು.

ತಮ್ಮ ತನ್ನ ನೋಟಿಗೆ ಇಸ್ತ್ರಿ ಹಾಕಿದ. ಬಿಳಿ ಪಂಚೆಯ ನಡುವೆ ಇಟ್ಟು, ಸ್ವಲ್ಪ ನೀರು ಚಿಮುಕಿಸಿ, ಬಹಳ ಜತನದಿಂದಲೇ. ‘ಅಕ್ಕಾ, ನೋಡು, ಮಡಿಕೆ ಹೋಯಿತು’ ಅಂತ ಖುಷಿಯಿಂದ ತಂದು ತೋರಿಸಿದ. ಮೇಲ್ನೋಟಕ್ಕೆ ಹೋಗಿತ್ತು ಕೂಡ. ನನಗೆ ಎದೆ ಧಸಕ್ ಅಂದಿತು. ನೋಟನ್ನು ತಿರುಗಿಸಿ ಹಿಂಬದಿಯ ಮೇಲೆ ಬೆರಳಾಡಿಸಿದೆ. ನಂಬರ್ ಅಚ್ಚು ಹಾಕುವಾಗ ಒತ್ತಡಕ್ಕೆ ಹಿಂಬದಿಯಲ್ಲಿ ಅಂಕಿಗಳು ಸಣ್ಣಗೆ ಉಬ್ಬಿರುತ್ತವೆ. ನನ್ನ ನೋಟಿನಲ್ಲಿ ಕಣ್ಣು ಮುಚ್ಚಿಕೊಂಡರೂ ಅದು ಬೆರಳಿಗೆ ಸಿಗುತ್ತದೆ. ಅವನದರಲ್ಲಿ ನುಣ್ಣಗೆ, ಏನೂ ಇಲ್ಲ. ಎಪ್ಪತ್ತು ವರ್ಷ ಡಬ್ಬಿಯಲ್ಲಿ ಉಳಿದಿದ್ದದ್ದು ಎರಡು ನಿಮಿಷದಲ್ಲಿ ಹೋಯಿತು.

ಎರಡನ್ನೂ ಒಟ್ಟಿಗೇ ಕಳಿಸಿದೆವು. ನನ್ನದು 58, ಜೊತೆಗೆ ಇಪಿಕ್ಯೂ, ಅಂದರೆ ಕಾಗದ ಮೂಲ ಸ್ಥಿತಿಯಲ್ಲೇ ಇದೆ, ಯಾರೂ ತೊಳೆದಿಲ್ಲ, ಒತ್ತಿಲ್ಲ, ತಿದ್ದಿಲ್ಲ ಅನ್ನುವ ಮಾತು. ಅವನದು 55, ಇಪಿಕ್ಯೂ ಇಲ್ಲ. ಅಂಕಿಯ ವ್ಯತ್ಯಾಸ ಮೂರೇ. ಆದರೆ ಆ ಮೂರು ಅಕ್ಷರ ಇಲ್ಲದ್ದೇ ದೊಡ್ಡ ನಷ್ಟ, 65 ಮತ್ತು ಅದರ ಮೇಲಿನ ದರ್ಜೆಯನ್ನಂತೂ ಅವರು ಇಪಿಕ್ಯೂ ಇಲ್ಲದೆ ಕೊಡುವುದೇ ಇಲ್ಲ. ತಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಳೇ ನೋಟನ್ನು ಚೊಕ್ಕ ಮಾಡಬೇಕು ಅನ್ನುವುದು ಒಳ್ಳೆ ಮನಸ್ಸಿನ ತಪ್ಪು, ಮನೆಮನೆಯಲ್ಲೂ ನಡೆಯುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಒರೆಸಬೇಡಿ, ಇಸ್ತ್ರಿ ಹಾಕಬೇಡಿ, ಹರಿದಿದ್ದರೆ ಸೆಲ್ಲೋಟೇಪ್ ಅಂಟಿಸಬೇಡಿ.

ಒಳ್ಳೆ ಮನಸ್ಸಿಲ್ಲದ ತಪ್ಪೂ ಉಂಟು. ಒಂದು ನಾಣ್ಯ ಪ್ರದರ್ಶನದಲ್ಲಿ ಅಂಚು ಚೂಪಾಗಿದ್ದ ನೋಟೊಂದನ್ನು ‘ಯುಎನ್‌ಸಿ’, ಅಂದರೆ ಚಲಾವಣೆ ಕಾಣದ್ದು, ಅಂತ ನಂಬಿ ಕೊಂಡಿದ್ದೆ. ಮನೆಗೆ ಬಂದು ಅದೇ ಬಗೆಯ ಇನ್ನೊಂದರ ಮೇಲೆ ಇಟ್ಟಾಗ ಒಂದು ಬದಿಯಲ್ಲಿ ಒಂದು ಮಿಲಿಮೀಟರ್ ಕಡಿಮೆ. ಸವೆದ ಅಂಚನ್ನು ಕತ್ತರಿಸಿದ್ದರು. ಮಾರಿದವರು ಫೋನ್ ಎತ್ತಲಿಲ್ಲ. ಈಗ ದುಬಾರಿ ನೋಟಾದರೆ ಗ್ರೇಡ್ ಆದದ್ದನ್ನೇ ಕೊಳ್ಳುತ್ತೇನೆ. ಅದರಲ್ಲೂ ಲೇಬಲ್ಲಿನ ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಫೋಟೋದ ಜೊತೆ ನೋಟಿನ ಸೀರಿಯಲ್ ನಂಬರ್ ತಾಳೆ ನೋಡಿದ ಮೇಲೆಯೇ ದುಡ್ಡು ಕೊಡುವುದು, ಯಾಕೆಂದರೆ ಹೊದಿಕೆಯನ್ನೇ ನಕಲು ಮಾಡುವವರಿದ್ದಾರೆ.

ಹಾಗಂತ ಎಲ್ಲ ನೋಟನ್ನೂ ಕಳಿಸುವ ಅಗತ್ಯವಿಲ್ಲ. ಶುಲ್ಕ, ಸಾಗಣೆ ಸೇರಿದರೆ ಸಾಮಾನ್ಯ ನೋಟಿನ ಬೆಲೆಗಿಂತ ಖರ್ಚೇ ಹೆಚ್ಚು.

ಆದರೂ ಮುಂದಿನ ಸಲ ಕಳಿಸುವ ನೋಟನ್ನು ಆಗಲೇ ತೆಗೆದಿಟ್ಟಿದ್ದೇನೆ. ಅವ್ವನ ತವರು ರಾಯಚೂರು ಕಡೆ. ಅಜ್ಜನ ಕಾಲಕ್ಕೆ ಅಲ್ಲಿ ನಡೆಯುತ್ತಿದ್ದದ್ದು ಹೈದರಾಬಾದ್ ಸಂಸ್ಥಾನದ ದುಡ್ಡು. ಅವರು ಬಿಟ್ಟುಹೋದ ಐದು ರೂಪಾಯಿ ನೋಟಿನ ಹಿಂಬದಿಯಲ್ಲಿ ಮರಾಠಿ, ತೆಲುಗಿನ ಜೊತೆ ಕನ್ನಡವೂ ಇದೆ. ನಾಲ್ಕು ಮಡಿಕೆ, ಮಡಿಕೆ ಕೂಡುವಲ್ಲಿ ಸಾಸಿವೆಯಷ್ಟು ತೂತು, ಒಂದು ಅಂಚಿನಲ್ಲಿ ಎಣ್ಣೆಗೈ ತಾಗಿದ ಕಲೆ. 20 ಬಂದರೆ ಹೆಚ್ಚು. ತಮ್ಮನೇ ನಿನ್ನೆ ಬಂದು ಅದನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿದ, ಅಂಚು ಮುಟ್ಟದ ಹಾಗೆ, ಎರಡೂ ಕೈಯಿಂದ.